ಬೋರ್ಡಿಲ್ಲದ ಪರೋಟಾ ಅಂಗಡಿ, ಚಹಾ ಲೋಟಗಳ ಗೋಡೆ

ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ, ಫುಟ್‌ಬಾಲ್ ಮೈದಾನದಿಂದ ಐದಾರು ನಿಮಿಷ ನಡೆದರೆ ಸಿಗುವ ಈ ಪರೋಟಾ ಅಂಗಡಿಗೆ ಬೋರ್ಡಿಲ್ಲ. ಹಿಂದೆ ಇತ್ತಂತೆ, ಎದುರಿನ ಚರಂಡಿ ಕೆಲಸಕ್ಕೆಂದು ಬಿಚ್ಚಿಟ್ಟದ್ದು ಮತ್ತೆ ಗೋಡೆ ಏರಲಿಲ್ಲ, ಬೋರ್ಡಿಲ್ಲದಿದ್ದರೂ ಗಿರಾಕಿಗಳು ಕಡಿಮೆಯಾಗಲಿಲ್ಲವೆಂದು ಕಂಡ ಮಾಲೀಕರು ಆ ಖರ್ಚನ್ನೇ ಕೈಬಿಟ್ಟರು. ಹಾಗಾಗಿ ಈ ವಿಮರ್ಶೆಯಲ್ಲಿ ಅಂಗಡಿಯ ಹೆಸರಿಲ್ಲ. ಗುರುತು ಬೇಕಾದವರು ಸಂಜೆ ಆರರ ನಂತರ ಆ ಬೀದಿಗೆ ಬಂದು, ಕಾವಲಿಯ ಮೇಲೆ ಪರೋಟಾ ಕೊಚ್ಚುವ ಸದ್ದು ಎಲ್ಲಿಂದ ಬರುತ್ತದೋ ಅಲ್ಲಿಗೆ ನಡೆದರೆ ಸಾಕು. ಮೂರು ವರ್ಷಕ್ಕೂ ಮೇಲ್ಪಟ್ಟು, ತಿಂಗಳಿಗೆ ಎರಡು ಮೂರು ಸಲವಾದರೂ ನಾನು ಇಲ್ಲಿ ಊಟ ಮಾಡಿದ್ದೇನೆ. ಆದರೆ ಊಟಕ್ಕೆಂದೇ ಬಂದದ್ದು ಎಷ್ಟು ಸಲ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಭಾರತ ತಂಡದ ಗೋಲ್‌ಕೀಪರ್ ಯಾರಾಗಬೇಕು, ಯಾವ ಹುಡುಗ ತಯಾರಾಗಿದ್ದಾನೆ, ಯಾವನು ಇನ್ನೂ ಎರಡು ವರ್ಷ ಕಾಯಬೇಕು ಎಂಬ ವಿಷಯವಾಗಿ ನಾನು ಕೇಳಿರುವ ಅತ್ಯಂತ ಗಂಭೀರ ಚರ್ಚೆಗಳು ಈ ಅಂಗಡಿಯ ಒಳಗಿನ ಎರಡು ಮೇಜುಗಳ ಸುತ್ತ ನಡೆದಿವೆ. ಅಂಗಡಿಯನ್ನು ಅಳೆಯುವುದಾದರೆ ಆ ಲೆಕ್ಕದಲ್ಲೇ ಅಳೆಯಬೇಕು.

ಊಟದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಪರೋಟಾ ಚೆನ್ನಾಗಿದೆ. ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಎಣ್ಣೆ ಮಿತಿಯಲ್ಲಿರುತ್ತದೆ. ಕಾವಲಿಯಿಂದ ತೆಗೆದ ನಾಲ್ಕನ್ನು ಒಂದರ ಮೇಲೊಂದು ಪೇರಿಸಿ ಎರಡೂ ಅಂಗೈಗಳಿಂದ ಬದಿಗಳನ್ನು ಬಡಿದು ಸಡಿಲಿಸಿ ಕೊಡುವ ಕ್ರಮವನ್ನು ಮಾಲೀಕರು ಎಂಥ ಗಲಾಟೆಯಲ್ಲೂ ತಪ್ಪಿಸುವುದಿಲ್ಲ. ಜೊತೆಗೆ ಬರುವ ಸಾಲ್ನಾ ಏಳು ಗಂಟೆಗೆ ಗಟ್ಟಿಯಾಗಿ, ಗಸಗಸೆ ಮತ್ತು ತೆಂಗಿನಕಾಯಿಯ ರುಚಿ ತುಂಬಿಕೊಂಡು ಇರುತ್ತದೆ. ಒಂಬತ್ತೂವರೆಯ ಹೊತ್ತಿಗೆ ಅದಕ್ಕೆ ಬಿಸಿನೀರು ಬೆರೆತು ತಿಳಿಸಾರಾಗಿರುತ್ತದೆ. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದ ರಾತ್ರಿ ತಡವಾಗಿ ತಿನ್ನುವವರಿಗೆ ಇದು ನಷ್ಟವೇ. ಮಟನ್ ಚಾಪ್ಸ್ ಶನಿವಾರ, ಭಾನುವಾರ ಮಾತ್ರ. ಖೈಮಾ ಉಂಡೆಯನ್ನು ಕೇಳಿ ತಿನ್ನಿ, ಕೇಳದಿದ್ದರೆ ಇದೆ ಎಂದು ಯಾರೂ ಹೇಳುವುದಿಲ್ಲ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಕುರ್ಮ ಇದೆ, ಇಲ್ಲವೆನ್ನದಂತೆ. ಚಹಾವನ್ನು ಗೇಣಿಗಿಂತ ಕಡಿಮೆ ಎತ್ತರದ ಸ್ಟೀಲ್ ಲೋಟಗಳಲ್ಲಿ ಕೊಡುತ್ತಾರೆ. ಈ ಲೋಟಗಳ ವಿಷಯ ಮುಂದೆ ಬರುತ್ತದೆ. ಇಬ್ಬರು ಹೊಟ್ಟೆ ತುಂಬ ತಿಂದು ಎರಡೆರಡು ಚಹಾ ಕುಡಿದರೂ ಬಿಲ್ 300 ರೂಪಾಯಿ ದಾಟುವುದಿಲ್ಲ.

ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಕಡೆ ಫುಟ್‌ಬಾಲ್ ಟಿವಿಯಿಂದ ಬಂದ ಆಟವಲ್ಲ. ದಂಡಿನ ಸಿಪಾಯಿಗಳ ಆಟವನ್ನು ಬೇಲಿಯಾಚೆಯಿಂದ ನೋಡಿ ಬರಿಗಾಲಲ್ಲಿ ಕಲಿತವರ ಮೊಮ್ಮಕ್ಕಳು ಈಗಲೂ ಇಲ್ಲೇ ಇದ್ದಾರೆ. ಅಂಗಡಿಯ ಒಳಗೋಡೆಯ ಮೇಲೆ ಪತ್ರಿಕೆಯಿಂದ ಕತ್ತರಿಸಿ ಗಾಜು ಹಾಕಿಸಿದ ಒಂದು ಹಳೆಯ ಚಿತ್ರವಿದೆ, 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ್ದು. ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿರದ ಆ ಜುಲೈನಲ್ಲಿ ಫ್ರಾನ್ಸ್ ವಿರುದ್ಧ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ 1-2ರಿಂದ ಸೋತ ತಂಡ ಅದು. ಅಂದು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರೂ ಗೋಲು ಕಾದ ಕೆ.ವಿ. ವರದರಾಜ್ ಅವರೂ ಬೆಂಗಳೂರಿನವರು. ರಾಮನ್ ಅವರ ಹೆಸರನ್ನು ಇತರ ಕಡೆಗಳಲ್ಲೂ ಆಗಾಗ ಕೇಳಬಹುದು. ವರದರಾಜ್ ಅವರ ಹೆಸರನ್ನು ಮೊದಲು ಹೇಳುವ ಜಾಗವನ್ನು ನಾನು ಕಂಡಿರುವುದು ಇದೊಂದೇ. ಗೋಲು ಹೊಡೆದವನಿಗಿಂತ ಬಿಟ್ಟವನನ್ನು ಮೊದಲು ವಿಚಾರಿಸುವುದು ಈ ಅಂಗಡಿಯ ಪದ್ಧತಿ.

ಆ ಚಿತ್ರದ ಕೆಳಗಿನ ಕುರ್ಚಿ ಒಬ್ಬರಿಗೇ ಮೀಸಲು. ಅವರನ್ನು ಎಲ್ಲರೂ ಕೀಪರ್ ಅಂಕಲ್ ಎಂದು ಕರೆಯುತ್ತಾರೆ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ತಂಡಕ್ಕೆ ನಗರದ ಲೀಗ್‌ನಲ್ಲಿ ಹತ್ತಾರು ವರ್ಷ ಗೋಲು ಕಾದು ನಿವೃತ್ತರಾದವರು. ಬಲಗೈಯ ಕಿರುಬೆರಳು ಎರಡನೇ ಗೆಣ್ಣಿನಿಂದ ಹೊರಕ್ಕೆ ತಿರುಗಿಕೊಂಡಿದೆ. ಮುರಿದಾಗ ಪಂದ್ಯ ಮುಗಿಯಲೆಂದು ಕಾದು, ಆಮೇಲೆ ಪುತ್ತೂರು ಕಟ್ಟು ಕಟ್ಟಿಸಿಕೊಂಡದ್ದರ ಫಲ ಎನ್ನುತ್ತಾರೆ. ಚಹಾ ಲೋಟ ಹಿಡಿದಾಗ ಆ ಬೆರಳೊಂದು ಬೇರೆಯೇ ದಿಕ್ಕನ್ನು ತೋರಿಸುತ್ತಿರುತ್ತದೆ. ಟಿವಿಯಲ್ಲಿ ಪಂದ್ಯ ನೋಡಿ ಕೀಪರನ ಮೇಲೆ ತೀರ್ಪು ಕೊಡುವುದು ಅವರಿಗೆ ಸರಿಬರುವುದಿಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಕೀಪರನ ಕೆಲಸದಲ್ಲಿ ಮುಕ್ಕಾಲು ಪಾಲು ಚೆಂಡು ದೂರವಿದ್ದಾಗಲೇ ನಡೆಯುತ್ತದೆ ಎಂಬುದು ಅವರ ವಾದ. ಆದ್ದರಿಂದ ಅವರು ಕಂಠೀರವ ಕ್ರೀಡಾಂಗಣದಲ್ಲಿ ಗೋಲಿನ ಹಿಂದಿನ ಸ್ಟ್ಯಾಂಡ್‌ನಲ್ಲಿ ಕೂತು ಕೀಪರನನ್ನೇ ನೋಡಿಕೊಂಡು ಬಂದು, ಮರುದಿನ ಇಲ್ಲಿ ವರದಿ ಒಪ್ಪಿಸುತ್ತಾರೆ. ತನ್ನ ತಂಡ ದಾಳಿಯಲ್ಲಿದ್ದಾಗ ಎಷ್ಟು ಹೆಜ್ಜೆ ಮುಂದೆ ಬಂದಿದ್ದ, ಡಿಫೆಂಡರ್‌ಗಳ ಜೊತೆ ಮಾತಾಡುತ್ತಿದ್ದನೋ ನೀರು ಕುಡಿಯುತ್ತಿದ್ದನೋ, ಕಾರ್ನರ್ ಬಂದಾಗ ಮೊದಲು ಯಾರನ್ನು ಎಣಿಸಿದ ಎಂಬ ವಿವರಗಳನ್ನು ಯಾವ ಟಿವಿ ವಾಹಿನಿಯೂ ಕೊಡುವುದಿಲ್ಲ. ಪರೋಟಾದ ಬೆಲೆಯಲ್ಲಿ ಅವು ಇಲ್ಲಿ ಸಿಗುತ್ತವೆ.

ನಾನು ಈ ಅಂಗಡಿಗೆ ಮೊದಲು ಬಂದದ್ದು 2023ರ ಮಾರ್ಚ್ 3ರ ಮರುದಿನ. ತಾರೀಖು ನೆನಪಿರುವುದಕ್ಕೆ ಕಾರಣವಿದೆ. ಹಿಂದಿನ ರಾತ್ರಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇಆಫ್ ಪಂದ್ಯ 90 ನಿಮಿಷಗಳಲ್ಲಿ ಗೋಲಿಲ್ಲದೆ ಮುಗಿದು, ಹೆಚ್ಚುವರಿ ಸಮಯದ ಆರಂಭದಲ್ಲೇ ಬೆಂಗಳೂರಿನ ಸುನಿಲ್ ಛೆಟ್ರಿ ಬಾಕ್ಸಿನ ಹೊರಗೆ ಸಿಕ್ಕ ಫ್ರೀ ಕಿಕ್ ಅನ್ನು ಎದುರಾಳಿಗಳು ಚೆಂಡಿಗೆ ಅಡ್ಡಲಾಗಿ ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಖಾಲಿ ಗೋಲಿನೊಳಗೆ ಮೆಲ್ಲನೆ ಎತ್ತಿ ಹಾಕಿದ್ದರು. ರೆಫರಿ ಗೋಲು ಕೊಟ್ಟರು, ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಪಂದ್ಯ ಅಲ್ಲಿಗೇ ನಿಂತಿತು. ದೇಶವೆಲ್ಲ ರೆಫರಿಯ ಬಗ್ಗೆ, ಕೋಚ್ ಬಗ್ಗೆ, ಕ್ರೀಡಾಮನೋಭಾವದ ಬಗ್ಗೆ ಜಗಳವಾಡುತ್ತಿತ್ತು. ಈ ಅಂಗಡಿಯಲ್ಲಿ ಮಾತ್ರ ಮಾತೆಲ್ಲ ಆ ಖಾಲಿ ಗೋಲಿನಲ್ಲಿ ಇರಬೇಕಾಗಿದ್ದ 22 ವರ್ಷದ ಹುಡುಗನ ಬಗ್ಗೆ, ಪ್ರಭ್‌ಸುಖನ್ ಸಿಂಗ್ ಗಿಲ್ ಬಗ್ಗೆ ನಡೆದಿತ್ತು.

ಗಿಲ್ ಈ ಊರಿಗೆ ಹೊಸಬರಲ್ಲ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ ತಂಡದಲ್ಲಿ ಧೀರಜ್ ಸಿಂಗ್ ಅವರ ಹಿಂದೆ ಕಾಯುವ ಕೀಪರ್ ಆಗಿದ್ದವರು, ಆಮೇಲೆ ಬೆಂಗಳೂರು ಎಫ್‌ಸಿಗೆ ಬಂದರು. ಗೋಲಿನಲ್ಲಿ ಭಾರತ ತಂಡದ ಮೊದಲ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಇರುವಾಗ ಇನ್ನೊಬ್ಬ ಕೀಪರಿಗೆ ಸಿಗುವ ಅವಕಾಶ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿರುವುದೇ. 2020ರಲ್ಲಿ ಕೇರಳಕ್ಕೆ ಹೋದರು. ಅಲ್ಲಿ 2021-22ರ ಋತುವಿನ ನಡುವೆ ಆಲ್ಬಿನೊ ಗೋಮ್ಸ್ ಗಾಯಗೊಂಡಾಗ ಸಿಕ್ಕ ಜಾಗವನ್ನು ಹಿಡಿದುಕೊಂಡು, ಆ ವರ್ಷದ ಅತ್ಯುತ್ತಮ ಕೀಪರಿಗೆ ಕೊಡುವ ಗೋಲ್ಡನ್ ಗ್ಲೋವ್ ಪ್ರಶಸ್ತಿ ಪಡೆದರು. ತಂಡ ಫೈನಲ್‌ಗೂ ಹೋಯಿತು. ಫಾತೋರ್ಡಾದ ಆ ಫೈನಲ್‌ನ ಪೆನಾಲ್ಟಿಗಳಲ್ಲಿ ಹೈದರಾಬಾದ್ ತಂಡದ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರನ್ನು ತಡೆದು ಕಪ್ ಕಿತ್ತುಕೊಂಡರು. ಗೋವಾದವರಾದರೂ ಹೆಸರು ಕೇಳಿದೊಡನೆ ನಮ್ಮ ಕಿವಿ ನಿಮಿರುತ್ತದೆ. ಅಂಗಡಿಯಲ್ಲಿ ಅವರ ಹೆಸರು ಬಂದಾಗಲೆಲ್ಲ ಹುಬ್ಬಳ್ಳಿಯ ಕಡೆಯ ಒಬ್ಬರು ತಮ್ಮ ಬಂಧುವೇ ಎಂಬಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ.

ಆ ಸಂಜೆ ವಾದ ಆರಂಭಿಸಿದವನು ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ ಹಾಕಿದ್ದ ಕಾಲೇಜು ಹುಡುಗ. "ಸೀಟಿ ಊದುವ ಮೊದಲೇ ಪೋಸ್ಟ್ ಬಿಟ್ಟು ಬಂದ ಇವನನ್ನು ಇಂಡಿಯಾಗೆ ಹಾಕಬೇಕಂತೆ ಅಂಕಲ್" ಎಂದು ನಕ್ಕ. ಎದುರಿಗೆ ಕೂತಿದ್ದ ಕೊಚ್ಚಿಯ ಯುವಕ, ಸಮೀಪದ ಪಿಜಿಯಲ್ಲಿದ್ದು ಕನ್ನಡ ಕಲಿತವನು, ಗೋಲ್ಡನ್ ಗ್ಲೋವ್ ಸುಮ್ಮನೆ ಕೊಡುವುದಿಲ್ಲ ಎಂದ. ಅದಕ್ಕೆ ಹುಡುಗ ಕೊಟ್ಟ ಉತ್ತರ ನಿಜಕ್ಕೂ ಯೋಚಿಸಬೇಕಾದದ್ದು: ಆ ಋತುವಿನ ಪಂದ್ಯಗಳೆಲ್ಲ ಕೋವಿಡ್ ಕಾರಣ ಗೋವಾದಲ್ಲೇ, ಫೈನಲ್ ಒಂದನ್ನು ಬಿಟ್ಟು ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆದಿದ್ದವು. ಖಾಲಿ ಕ್ರೀಡಾಂಗಣದಲ್ಲಿ ಪಡೆದ ಪ್ರಶಸ್ತಿಯಿಂದ ರಾಷ್ಟ್ರೀಯ ತಂಡದ ಒತ್ತಡವನ್ನು ತಡೆಯುವ ಶಕ್ತಿ ತಿಳಿಯುವುದಾದರೂ ಹೇಗೆ? ಕೀಪರ್ ಅಂಕಲ್ ಅಲ್ಲಿಯವರೆಗೆ ಸುಮ್ಮನಿದ್ದವರು ಆಗ ಮಾತಾಡಿದರು. "ಒತ್ತಡ ಬಿಡಪ್ಪ. ಜನ ಇಲ್ಲದಿದ್ದರೆ ಮುಂದೆ ನಿಂತ ಡಿಫೆಂಡರಿಗೆ ಕೀಪರನ ಗಂಟಲು ಕೇಳಿಸುತ್ತೆ. ನಿನ್ನೆ ಕಂಠೀರವದಲ್ಲಿ ನನ್ನ ಪಕ್ಕ ಕೂತವನ ಮಾತೇ ನನಗೆ ಕೇಳಿಸಲಿಲ್ಲ. ಅಲ್ಲಿ ಗಂಟಲಿಂದ ತಂಡ ನಡೆಸಿ ಕಲಿತವನು ಇಲ್ಲಿ ಕೈಯಿಂದ ನಡೆಸಬೇಕು. ಅದು ಬೇರೆ ವಿದ್ಯೆ."

ಅದಾದ ಮೇಲೆ ಅವರು ಮೇಜಿನ ಮೇಲಿದ್ದ ಲೋಟಗಳನ್ನು ಎಳೆದುಕೊಂಡರು. ಎರಡು ಸಾಸ್ ಬಾಟಲಿ ಪೋಸ್ಟುಗಳು, ಉಪ್ಪಿನ ಡಬ್ಬಿ ಕೀಪರ್, ಪರೋಟಾದ ಜೊತೆ ಬಂದ ನಿಂಬೆಹಣ್ಣಿನ ಹೋಳು ಚೆಂಡು, ಐದು ಚಹಾ ಲೋಟ ಗೋಡೆ. ಅವುಗಳಲ್ಲೊಂದು ನನ್ನದು, ಅರ್ಧ ಚಹಾ ಇನ್ನೂ ಇತ್ತು. ಗೋಡೆ ಕಟ್ಟಿಸುವಾಗ ಕೀಪರ್ ಒಂದು ಪೋಸ್ಟಿನ ಪಕ್ಕಕ್ಕೆ ಹೋಗಿ, ಚೆಂಡಿಗೂ ಪೋಸ್ಟಿಗೂ ಗೆರೆ ಹಿಡಿದು, ಹೊರಗಿನ ಆಟಗಾರನನ್ನು ಕೈಸನ್ನೆಯಿಂದ ಆಚೆ ಈಚೆ ಸರಿಸುತ್ತಾನೆ. ಆ ಎರಡು ಮೂರು ಸೆಕೆಂಡು 7.32 ಮೀಟರ್ ಅಗಲದ ಗೋಲಿನಲ್ಲಿ ಬಹುಪಾಲು ಯಾರದ್ದೂ ಅಲ್ಲ. ಕೀಪರ್ ಅಂಕಲ್ ಉಪ್ಪಿನ ಡಬ್ಬಿಯನ್ನು ಬಾಟಲಿಯ ಬಳಿಗೆ ಸರಿಸಿ, ಸೊಟ್ಟ ಬೆರಳಿನಿಂದಲೇ ನಿಂಬೆ ಹೋಳನ್ನು ತಳ್ಳಿದರು. ಅದು ಲೋಟಗಳ ಪಕ್ಕದಿಂದ ಜಾರಿ ಇನ್ನೊಂದು ಬಾಟಲಿಯ ಒಳಮಗ್ಗುಲಿಗೆ ಹೋಯಿತು. ಹೊಡೆಯುವವನು ಗೋಡೆಯನ್ನು ಹತ್ತು ಗಜ ದೂರ ಸರಿಸಲು ಕೇಳದಿದ್ದರೆ, ರೆಫರಿ ಕಾಯಲು ಹೇಳದಿದ್ದರೆ, ಸೀಟಿ ಬೇಕಿಲ್ಲ. ಫ್ರೀ ಕಿಕ್ ಪಡೆದವರು ಯಾವ ಗಳಿಗೆಯಲ್ಲಾದರೂ ಹೊಡೆಯಬಹುದು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಹೇಳಿದ್ದಾಗಿ ಛೆಟ್ರಿಯೇ ಆಮೇಲೆ ಹೇಳಿದರು. ಆದ್ದರಿಂದ ಕೀಪರ್ ಗೋಡೆಗಿಂತ ಮೊದಲು ಚೆಂಡಿನ ಮುಂದೆ ತನ್ನ ತಂಡದ ಒಬ್ಬನನ್ನು ನಿಲ್ಲಿಸಬೇಕು, ಅವನು ನಿಂತಿದ್ದಾನೆಂದು ಕಣ್ಣಾರೆ ನೋಡದೆ ಪೋಸ್ಟಿನ ಕಡೆ ಕಾಲು ಹಾಕಬಾರದು.

"ಅಂದರೆ ತಪ್ಪು ಅವನದ್ದೇ ತಾನೆ?" ಎಂದ ನೀಲಿ ಜೆರ್ಸಿ.

"ತಪ್ಪು ಅವನದ್ದೂ ಹೌದು. ಆದರೆ ಇಪ್ಪತ್ತೆರಡಕ್ಕೆ ಈ ತಪ್ಪು ಮಾಡಿದವನು ಮೂವತ್ತಕ್ಕೆ ಮಾಡಲ್ಲ. ಇಪ್ಪತ್ತೆರಡಕ್ಕೆ ಬೆಂಚಲ್ಲಿ ಕೂತಿದ್ದವನು ಮೂವತ್ತಕ್ಕೆ ಮಾಡ್ತಾನೆ" ಎಂದು ನನ್ನ ಲೋಟವನ್ನು ನನಗೆ ವಾಪಸು ಕೊಟ್ಟರು. ಚಹಾ ತಣ್ಣಗಾಗಿತ್ತು. ಕ್ಯಾಶಿನಲ್ಲಿ ಕೂರುವ ಅಕ್ಕ ಕೇಳದೆಯೇ ಇನ್ನೊಂದು ಕಳಿಸಿದರು, ಅದನ್ನು ಬಿಲ್ಲಿಗೆ ಸೇರಿಸಲೂ ಇಲ್ಲ. ಸೇವೆಯ ವಿಭಾಗದಲ್ಲಿ ನಾನು ಈ ಅಂಗಡಿಗೆ ಕೊಡುವ ಅಂಕಗಳಲ್ಲಿ ಅರ್ಧ ಆ ಚಹಾಕ್ಕೆ ಸೇರಬೇಕು.

ಅದೇ ವರ್ಷದ ಜೂನ್-ಜುಲೈನಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ಬೆಂಗಳೂರಿನಲ್ಲೇ ನಡೆಯಿತು. ಸೆಮಿಫೈನಲ್‌ನಲ್ಲಿ ಲೆಬನಾನ್, ಜುಲೈ 4ರ ಫೈನಲ್‌ನಲ್ಲಿ ಕುವೈತ್. ಎರಡೂ ಪೆನಾಲ್ಟಿಗಳಿಗೆ ಹೋದವು, ಎರಡರಲ್ಲೂ ಗುರ್‌ಪ್ರೀತ್ ತಡೆದು ಗೆಲ್ಲಿಸಿದರು. ಫೈನಲ್‌ಗೆ ಟಿಕೆಟ್ ಸಿಗದೆ ನಾನು ಈ ಅಂಗಡಿಯಲ್ಲಿ ಕೂತಿದ್ದೆ. ಈ ಅಂಗಡಿಯ ಅತಿ ದೊಡ್ಡ ದೋಷ ಅಂದು ಬಯಲಾಯಿತು. ಇಲ್ಲಿ ಪಂದ್ಯವನ್ನು ಮಾಲೀಕರ ಮೊಬೈಲಿನಿಂದ ಟಿವಿಗೆ ಜೋಡಿಸಿ ತೋರಿಸುತ್ತಾರೆ. ಪಕ್ಕದ ಸಲೂನಿನಲ್ಲಿ ನೇರ ಟಿವಿ ಪ್ರಸಾರ. ಇಂಟರ್ನೆಟ್ ಮೂಲಕ ಬರುವ ಚಿತ್ರ ಅರ್ಧ ನಿಮಿಷ ಹಿಂದೆ. ಐದೈದು ಹೊಡೆತ ಮುಗಿದು 4-4 ಆಗಿ, ಮಹೇಶ್ ಸಿಂಗ್ ಆರನೆಯದನ್ನು ಗೋಲಿಗೆ ಕಳಿಸಿ, ಕುವೈತ್‌ನ ಖಾಲಿದ್ ಹಾಜಿಯಾ ಚೆಂಡಿನತ್ತ ಇನ್ನೂ ನಡೆದು ಬರುತ್ತಿರುವುದನ್ನು ನಾವು ಉಸಿರು ಬಿಗಿಹಿಡಿದು ನೋಡುತ್ತಿರುವಾಗಲೇ ಸಲೂನಿನಿಂದ ಕೇಕೆ ಕೇಳಿಸಿತು, ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಗಿರಾಕಿಯೊಬ್ಬ ಬೀದಿಗೆ ಓಡಿ ಬಂದ. ಗುರ್‌ಪ್ರೀತ್ ಎಡಕ್ಕೆ ಹಾರಿದರೋ ಬಲಕ್ಕೋ ಎಂಬುದೊಂದನ್ನು ಬಿಟ್ಟು ನಮಗೆ ತಿಳಿಯಬೇಕಾದದ್ದು ಏನೂ ಉಳಿದಿರಲಿಲ್ಲ. ಇದನ್ನು ಸರಿಪಡಿಸಿ ಎಂದು ಕೇಳಿದಾಗ ಅಕ್ಕ, "ಸಲೂನಿನವರನ್ನು ಸುಮ್ಮನಿರಿಸೋದು ಹೇಗೆ ಸಾರ್?" ಎಂದರು.

ಫೈನಲ್ ಮುಗಿದ ಕೂಡಲೇ ಚರ್ಚೆ ಮತ್ತೆ ಹುಡುಗರತ್ತ ತಿರುಗಿತು. ಹೀಗೆ ತಡೆಯುವ ಗುರ್‌ಪ್ರೀತ್ ಇರುವಾಗ ಗಿಲ್‌ನಂಥವರಿಗೆ ಆತುರವೇಕೆ ಎಂದು ಕೆಲವರು. 1992ರಲ್ಲಿ ಹುಟ್ಟಿದ ಗುರ್‌ಪ್ರೀತ್ ಇನ್ನೆಷ್ಟು ವರ್ಷ, ಅವರ ನಂತರ ಯಾರು ಎಂದು ಉಳಿದವರು. ಇಲ್ಲಿನ ವಾದಗಳ ಗುಣ ಏನೆಂದರೆ, ಎರಡೂ ಕಡೆಯವರು ಗಾಳಿಯಲ್ಲಿ ಮಾತಾಡುವುದಿಲ್ಲ, ಹಳೆಯ ನಿದರ್ಶನ ತರುತ್ತಾರೆ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಪೀಟರ್ ತಂಗರಾಜ್ ಜ್ವರ ಬಿದ್ದಾಗ ಪ್ರದ್ಯುತ್ ಬರ್ಮನ್ ಗೋಲು ಕಾದು ತಂಡವನ್ನು ಫೈನಲ್‌ಗೆ ತಂದಿದ್ದರು. ಕೋಚ್ ರಹೀಮ್ ಸಾಹೇಬರು ಫೈನಲ್‌ಗೆ ಮತ್ತೆ ತಂಗರಾಜ್ ಅವರನ್ನೇ ಇಳಿಸಿದರು, ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಬಂತು. ಅನುಭವಿಗೇ ಜಾಗ ಎನ್ನುವವರಿಗೆ ಇದು ಬ್ರಹ್ಮಾಸ್ತ್ರ. ಆದರೆ ಅದೇ ಕಥೆಯನ್ನು ಇನ್ನೊಂದು ತುದಿಯಿಂದ ಹಿಡಿದರೆ, ಬರ್ಮನ್ ತಯಾರಿರದಿದ್ದರೆ ತಂಗರಾಜ್ ಅವರಿಗೆ ಆಡಲು ಫೈನಲ್ಲೇ ಇರುತ್ತಿರಲಿಲ್ಲ.

ಧೀರಜ್ ಅವರ ಮಾತು ಬಂದಾಗ ಮೇಜು ಸ್ವಲ್ಪ ಹೊತ್ತು ತಣ್ಣಗಾಗುತ್ತದೆ. 2017ರ ವಿಶ್ವಕಪ್‌ನಲ್ಲಿ ಅಮೆರಿಕ, ಕೊಲಂಬಿಯ, ಘಾನಾಗಳಿಗೆ ಭಾರತ ಸೋತರೂ ಅವರು ಮಾಡಿದ ಸೇವ್‌ಗಳನ್ನು ನೋಡಿ, ಮುಂದಿನ ಹದಿನೈದು ವರ್ಷ ಕೀಪರನ ಚಿಂತೆ ಇಲ್ಲ ಎಂದು ದೇಶವೇ ನಂಬಿತ್ತು. ಸ್ಕಾಟ್ಲೆಂಡಿನ ಮದರ್‌ವೆಲ್ ಕ್ಲಬ್‌ಗೆ ಪರೀಕ್ಷಾರ್ಥ ಹೋಗಿಬಂದರು, ಕೇರಳ, ಕೋಲ್ಕತ್ತದ ಎಟಿಕೆ ಸುತ್ತಿ ಗೋವಾ ಸೇರಿದರು. 2021ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಮೊದಲ ಎರಡು ಪಂದ್ಯಗಳಲ್ಲಿ ಅಲ್ ರಯ್ಯಾನ್ ಮತ್ತು ಅಲ್ ವಹ್ದಾ ತಂಡಗಳಿಗೆ ಒಂದೂ ಗೋಲು ಬಿಡದೆ ನಿಂತರು. ಆದರೂ ರಾಷ್ಟ್ರೀಯ ತಂಡದ ಮೊದಲ ಕೀಪರ್ ಆಗಲಿಲ್ಲ. ತಯಾರಿದ್ದವನನ್ನು ಹಾಕದೇ ಕೆಡಿಸಿದರೋ, ತಯಾರಾಗುವ ಮೊದಲೇ ಹೊಗಳಿ ಕೆಡಿಸಿದರೋ ಎಂಬ ಪ್ರಶ್ನೆಗೆ ಈ ಅಂಗಡಿಯಲ್ಲಿ ಎರಡು ಪಕ್ಷಗಳಿವೆ, ನಾನು ಮೊದಲ ಪಕ್ಷ. ಗುರ್‌ಪ್ರೀತ್ 2011ರಲ್ಲೇ ಭಾರತಕ್ಕೆ ಮೊದಲ ಪಂದ್ಯ ಆಡಿದ್ದರು, ಹತ್ತೊಂಬತ್ತನೇ ವಯಸ್ಸಿನಲ್ಲಿ. ಅಂದಿನ ಮೊದಲ ಕೀಪರ್ ಸುಬ್ರತ ಪಾಲ್ ಅವರ ಹಿಂದೆ ವರ್ಷಗಟ್ಟಲೆ ಕಾದರು, 2014ರಲ್ಲಿ ನಾರ್ವೆಯ ಸ್ತಾಬೆಕ್ ಕ್ಲಬ್‌ಗೆ ಹೋದರು. ಮೊದಲ ಪಂದ್ಯಕ್ಕೂ ಕಾಯಂ ಜಾಗಕ್ಕೂ ನಡುವಿನ ಆ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯದೆ ಇವತ್ತಿನ ಹುಡುಗರನ್ನು ಅಳೆಯುವುದು ಸರಿಯಲ್ಲ.

2024ರಲ್ಲಿ ಲೋಟಗಳು ಮತ್ತೆ ಎರಡು ಸಲ ಮೇಜಿನ ಮೇಲೆ ಸಾಲಾಗಿ ನಿಂತವು, ಎರಡೂ ಸಲ ಕಟಕಟೆಯಲ್ಲಿದ್ದವರು ಹುಡುಗರಲ್ಲ. ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಐವತ್ತು ನಿಮಿಷ ಗೋಲು ಬಿಡದೆ ತಡೆದಿದ್ದ ತಂಡ, ಗುರ್‌ಪ್ರೀತ್ ಕ್ರಾಸ್ ಒಂದನ್ನು ಪೂರ್ತಿ ದೂರ ತಳ್ಳಲಾಗದೆ ಜಾಕ್ಸನ್ ಅರ್ವಿನ್ ಕಾಲಿಗೆ ಒಪ್ಪಿಸಿದಾಗ ಬಿರುಕು ಬಿಟ್ಟಿತು. ಜೂನ್‌ನಲ್ಲಿ ದೋಹಾದಲ್ಲಿ, ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಕತಾರ್ ವಿರುದ್ಧ 1-0 ಮುಂದಿದ್ದಾಗ, ಚೆಂಡು ಗೋಲಿನ ಪಕ್ಕದ ಗೆರೆ ದಾಟಿತ್ತು, ಗುರ್‌ಪ್ರೀತ್ ಆಟ ನಿಂತಿತೆಂದುಕೊಂಡರು, ಕತಾರಿನವರು ಚೆಂಡನ್ನು ಗೆರೆಯಾಚೆಯಿಂದ ಎಳೆದುಕೊಟ್ಟು ಗೋಲು ಹೊಡೆದರು, ರೆಫರಿ ಗೋಲೆಂದೇ ತೀರ್ಪಿತ್ತರು. ಭಾರತ 1-2ರಿಂದ ಸೋತು ಅರ್ಹತಾ ಸುತ್ತಿನಿಂದ ಹೊರಬಿತ್ತು. ಅನ್ಯಾಯ ಆದದ್ದು ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀಲಿ ಜೆರ್ಸಿಯ ಹುಡುಗ, ಈಗ ಅವನಿಗೆ ಕೆಲಸ ಸಿಕ್ಕಿ ಜೆರ್ಸಿಯ ಮೇಲೆ ಆಫೀಸಿನ ಗುರುತಿನ ಚೀಟಿಯೂ ತೂಗುತ್ತಿತ್ತು, ಆ ರಾತ್ರಿ ಉಪ್ಪಿನ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ಕೂತ. ಸೀಟಿ ಇಲ್ಲದೆ ಆಟ ನಿಂತಿತೆಂದುಕೊಂಡದ್ದು 2023ರಲ್ಲಿ ಎಳೆಯ ಹುಡುಗನ ಅಪಕ್ವತೆ ಎನಿಸಿಕೊಂಡಿತ್ತು. ಹದಿಮೂರು ವರ್ಷ ದೇಶಕ್ಕೆ ಆಡಿ, ಅಂದು ನಾಯಕನ ಪಟ್ಟಿಯನ್ನೂ ತೋಳಿಗೆ ಕಟ್ಟಿಕೊಂಡಿದ್ದವರಿಗೆ ಅದು ಸಂಭವಿಸಿದಾಗ ಏನೆಂದು ಕರೆಯುವುದು?

ಈ ಪ್ರಶ್ನೆಯನ್ನು ಎತ್ತಿದ ಜಾಗಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ನಗರದ ಮಧ್ಯದ ದೊಡ್ಡ ಪರದೆಯ ಪಬ್ ಒಂದರಲ್ಲೂ ನಾನು ಪಂದ್ಯಗಳನ್ನು ನೋಡಿದ್ದೇನೆ. ಅಲ್ಲಿ ಚಿತ್ರ ಸ್ಪಷ್ಟ, ಕುರ್ಚಿ ಮೆತ್ತಗೆ, ಬಿಲ್ ನಾಲ್ಕು ಪಟ್ಟು. ಗೋಲು ಬಿದ್ದಾಗ ಸಂಗೀತ ಹಾಕುತ್ತಾರೆ, ಆದ್ದರಿಂದ ಗೋಲು ಯಾಕೆ ಬಿತ್ತು ಎಂದು ಯಾರೂ ಯಾರಿಗೂ ಹೇಳುವಂತಿಲ್ಲ. ಇಲ್ಲಿ ಕೂತು ಕೇಳಿ ಕೇಳಿ ನನ್ನದೇ ಆದ ಒಂದು ಅಭಿಪ್ರಾಯ ಬೆಳೆದಿದೆ: ಗಿಲ್ ಅವರು 2023ರಲ್ಲಿ ಏಷ್ಯನ್ ಕಪ್ ಆಡಲು ತಯಾರಿರಲಿಲ್ಲ, ಸ್ನೇಹಪಂದ್ಯಗಳಿಗೆ ಖಂಡಿತ ತಯಾರಿದ್ದರು. ಆ ಮಾರ್ಚ್ ಕೊನೆಗೆ ಇಂಫಾಲದಲ್ಲಿ ಮ್ಯಾನ್ಮಾರ್, ಕಿರ್ಗಿಸ್ತಾನಗಳ ವಿರುದ್ಧ ನಡೆದಂಥ ಪಂದ್ಯಗಳು ಇರುವುದೇ ಅಂಥ ಹುಡುಗರಿಗಾಗಿ. ಮುಂದಿನ ಸಾಲಿನ ಆಟಗಾರನನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಸಿ ನೋಡಬಹುದು. ಕೀಪರನಿಗೆ ಆ ಸೌಲಭ್ಯವಿಲ್ಲ, ಅವನಿಗೆ ಪೂರ್ತಿ ಪಂದ್ಯ ಕೊಡಬೇಕು ಇಲ್ಲವೇ ಏನೂ ಇಲ್ಲ. ಕೀಪರ್ ಅಂಕಲ್ ಇದನ್ನು ಒಪ್ಪುವುದಿಲ್ಲ. ಕ್ಲಬ್ಬಿನಲ್ಲಿ ನೂರು ಪಂದ್ಯ ಆಡಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಗಿಲ್ 2023ರಲ್ಲೇ ಈಸ್ಟ್ ಬೆಂಗಾಲ್‌ಗೆ ಹೋದ ಮೇಲೆ ಅವರ ಪಂದ್ಯಗಳ ಲೆಕ್ಕವನ್ನು ಅಂಗಡಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಇಟ್ಟಿರುವುದನ್ನು ನಾನು ನೋಡಿದ್ದೇನೆ.

ಹೋಗುವವರಿಗೆ ಕೆಲವು ಸೂಚನೆಗಳು. ಪಂದ್ಯದ ದಿನ ಏಳರ ಒಳಗೆ ಬನ್ನಿ, ಇಲ್ಲದಿದ್ದರೆ ಹೊರಗೆ ನಿಂತು ತಿನ್ನಬೇಕು. ಹೊರಗಿನಿಂದ ಟಿವಿಯ ಎಡಭಾಗ ಫ್ರಿಜ್ಜಿನ ಹಿಂದೆ ಮರೆಯಾಗುತ್ತದೆ, ಹಾಗಾಗಿ ಅರ್ಧ ಪಂದ್ಯ ಒಬ್ಬ ಕೀಪರ್ ಕಾಣುವುದೇ ಇಲ್ಲ. ಒಳಗೆ ಒಂದೇ ಫ್ಯಾನು, ಅದೂ ಕಾವಲಿಯ ಬಿಸಿಯನ್ನು ಮೇಜುಗಳ ಕಡೆಗೆ ತಳ್ಳುತ್ತದೆ. ಕೈತೊಳೆಯುವ ಜಾಗ ಇನ್ನೂ ಶುಚಿಯಾಗಿರಬೇಕು. ಹೆಂಗಸರು, ಮಕ್ಕಳು ಬಂದರೆ ಒಳಮೇಜಿನವರು ಜಾಗ ಬಿಟ್ಟುಕೊಡುತ್ತಾರೆ, ಅಕ್ಕ ಇರುವವರೆಗೆ ಬಾಯಿ ಕೊಳಕು ಮಾಡಲು ಯಾರಿಗೂ ಧೈರ್ಯವಿಲ್ಲ. ಚಿತ್ರದ ಕೆಳಗಿನ ಕುರ್ಚಿ ಖಾಲಿ ಕಂಡರೂ ಕೂರಬೇಡಿ. ಊಟಕ್ಕೆ ಐದರಲ್ಲಿ ಮೂರೂವರೆ, ಮಾತಿಗೆ ಐದಕ್ಕೆ ಐದು.

ಹಣ ಕೊಡುವ ಬಗ್ಗೆ ಒಂದು ಎಚ್ಚರಿಕೆ. ಯುಪಿಐ ಇದೆ, ಆದರೆ ಹಣ ಬರುವ ಮೊಬೈಲೂ ಟಿವಿಗೆ ಪಂದ್ಯ ಕಳಿಸುವ ಮೊಬೈಲೂ ಒಂದೇ. ಯಾರಾದರೂ ಹಣ ಕಳಿಸಿದೊಡನೆ ಪರದೆಯ ಮೇಲ್ಭಾಗದಲ್ಲಿ ಬಿಳಿ ಪಟ್ಟಿಯೊಂದು ಇಳಿದು ಇಂತಿಷ್ಟು ರೂಪಾಯಿ ಬಂತೆಂದು ಸಾರುತ್ತದೆ. ಪೆನಾಲ್ಟಿಯ ಹೊತ್ತಿನಲ್ಲಿ ಅಕ್ಕ, "ಆಮೇಲೆ ಕಳಿಸಿ, ಎಲ್ಲಿಗೂ ಓಡಿ ಹೋಗಲ್ಲ ನೀವು" ಎಂದು ತಡೆಯುತ್ತಾರೆ. ಬೇರೆ ಹೊತ್ತಿನಲ್ಲಿ ತಡೆಯುವವರಿಲ್ಲ. ಈಚೆಗೆ ಈಸ್ಟ್ ಬೆಂಗಾಲ್ ಪಂದ್ಯವೊಂದರಲ್ಲಿ ಬಾಕ್ಸಿನ ಗುಂಪಿನ ನಡುವೆ ಗಿಲ್ ಕ್ರಾಸ್ ಒಂದಕ್ಕೆ ಮೇಲೆದ್ದ ಗಳಿಗೆಯಲ್ಲೇ ಆ ಪಟ್ಟಿ ಇಳಿದು ಅವರ ಎರಡೂ ಕೈಗಳನ್ನು ಮುಚ್ಚಿಬಿಟ್ಟಿತು. ಪಟ್ಟಿ ಸರಿದಾಗ ಚೆಂಡು ಅವರ ಎದೆಯ ಮೇಲಿತ್ತು. ಮೊದಲ ಹಿಡಿತದಲ್ಲೇ ಹಿಡಿದರೋ, ಕೈಜಾರಿ ಎರಡನೇ ಸಲ ಬಾಚಿಕೊಂಡರೋ ಎಂದು ಯಾರೂ ನೋಡಿರಲಿಲ್ಲ. ಹಾಗಿದ್ದೂ ಅದರ ಮೇಲೆ ಮುಕ್ಕಾಲು ಗಂಟೆ ವಾದ ನಡೆಯಿತು, ಲೋಟಗಳು ಬಂದವು, ಕೀಪರ್ ಅಂಕಲ್ ಎದ್ದು ನಿಂತು ಆ 85 ರೂಪಾಯಿ ಕಳಿಸಿದವರು ಯಾರು ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ನಾನು ಸಾಲ್ನಾದ ಬಟ್ಟಲಿನೊಳಗೆ ಕಣ್ಣು ನೆಟ್ಟು ಕೂತಿದ್ದೆ.